ಶಿಫ್ಟ್ ಕೆಲಸದ ನಡುವೆ ಎನರ್ಜಿ ಆಡಿಟರ್ ಪರೀಕ್ಷೆ: ಮಂಡ್ಯ–ಮೈಸೂರು ಕಡೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮಂಡ್ಯದ ಸಕ್ಕರೆ ಕಾರ್ಖಾನೆಗಳಲ್ಲಿ, ಮೈಸೂರಿನ ಹೆಬ್ಬಾಳು, ಮೇಟಗಳ್ಳಿ, ಆಚೆ ನಂಜನಗೂಡಿನ ಫ್ಯಾಕ್ಟರಿಗಳಲ್ಲಿ ಬಾಯ್ಲರ್, ಟರ್ಬೈನ್, ಕಂಪ್ರೆಸರ್, ಚಿಲ್ಲರ್ ನೋಡಿಕೊಳ್ಳುವವರು ಒಂದಲ್ಲ ಒಂದು ಸಲ ಎನರ್ಜಿ ಆಡಿಟರ್ ಪರೀಕ್ಷೆಯ ಮಾತು ಎತ್ತಿರುತ್ತಾರೆ. ಕಾರ್ಖಾನೆಯಲ್ಲಿ ಇಂಧನ ಎಲ್ಲಿ ಎಷ್ಟು ಹೋಗುತ್ತದೆ, ಎಲ್ಲಿ ಪೋಲಾಗುತ್ತದೆ ಅಂತ ಅಳೆದು ಹೇಳುವವರೇ ಎನರ್ಜಿ ಆಡಿಟರ್. ಕೆಲವರು ಪುಸ್ತಕ ತರಿಸಿಕೊಳ್ಳುತ್ತಾರೆ. ಕೆಲವರು ಫೀಸೂ ಕಟ್ಟುತ್ತಾರೆ. ಆದರೆ ನಾಲ್ಕೂ ಪೇಪರ್ ದಾಟಿದವರನ್ನು ಹುಡುಕಬೇಕು. ಬಾಯ್ಲರ್ ಮುಂದೆ ಹತ್ತು ವರ್ಷ ನಿಂತವರಿಗೂ ಅದೇ ಬಾಯ್ಲರಿನ ಎಫಿಶಿಯೆನ್ಸಿ ಎಷ್ಟು ಅಂತ ಕಾಗದದ ಮೇಲೆ ಬರೆದು ತೋರಿಸಿ ಅಂದರೆ ಕೈ ನಿಲ್ಲುತ್ತದೆ. ಈ ಪರೀಕ್ಷೆ ಕೇಳುವುದು ಅದನ್ನೇ. ಓದಿದವರಿಗಿಂತ ಲೆಕ್ಕ ಮಾಡಿದವರು ಪಾಸಾಗುತ್ತಾರೆ.

ನಾನು ಬಾಯ್ಲರ್ ವಿಭಾಗದವನು. ಈ ಪರೀಕ್ಷೆ ಪಾಸಾದ ಮೇಲೆ ನಮ್ಮ ಕಡೆಯ ಹುಡುಗರಿಗೆ ಭಾನುವಾರ ಭಾನುವಾರ ಲೆಕ್ಕ ಹೇಳಿಕೊಡುತ್ತಾ ಬಂದಿದ್ದೇನೆ. ಅಲ್ಲಿ ಯಾರು ಎಲ್ಲಿ ಎಡವುತ್ತಾರೆ ಅನ್ನುವುದು ಚೆನ್ನಾಗಿ ಗೊತ್ತಾಗಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಯಾವ ಪರೀಕ್ಷೆ

ಇಂಧನ ಸಂರಕ್ಷಣಾ ಕಾಯ್ದೆ ಬಂದಿದ್ದು 2001ರಲ್ಲಿ. ಅದರ ಅಡಿಯಲ್ಲಿ 2002ರ ಮಾರ್ಚ್ 1ರಂದು ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ, ಅಂದರೆ ಬಿಇಇ, ಶುರುವಾಯಿತು. ಫ್ರಿಜ್ಜು, ಫ್ಯಾನಿನ ಮೇಲೆ ಸ್ಟಾರ್ ಚೀಟಿ ಅಂಟಿಸುತ್ತಾರಲ್ಲ, ಅದೇ ಸಂಸ್ಥೆ. ಹೆಚ್ಚು ಇಂಧನ ಬಳಸುವ ಕಾರ್ಖಾನೆಗಳನ್ನು ಸರ್ಕಾರ ‘ಡೆಸಿಗ್ನೇಟೆಡ್ ಕನ್ಸ್ಯೂಮರ್’ ಅಂತ ಗುರುತಿಸುತ್ತದೆ. ಅಲ್ಲಿ ಸರ್ಟಿಫೈಡ್ ಎನರ್ಜಿ ಮ್ಯಾನೇಜರ್ ಇರಲೇಬೇಕು. ಅದಕ್ಕಾಗಿಯೇ ಈ ರಾಷ್ಟ್ರಮಟ್ಟದ ಪರೀಕ್ಷೆ. ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ಕೆಲಸ ನೋಡಿಕೊಳ್ಳುವುದು ಕ್ರೆಡೆಲ್, ಅಂದರೆ ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ.

ಮೊದಲ ಮೂರು ಪೇಪರ್ ಪಾಸಾದರೆ ಎನರ್ಜಿ ಮ್ಯಾನೇಜರ್. ನಾಲ್ಕನೆಯದೂ ಆದರೆ ಎನರ್ಜಿ ಆಡಿಟರ್. ಎಂಜಿನಿಯರಿಂಗ್ ಪದವಿ ಇದ್ದವರಿಗೆ 3 ವರ್ಷ, ಡಿಪ್ಲೊಮಾದವರಿಗೆ 6 ವರ್ಷದ ಅನುಭವ ಬೇಕು. ಬಾಯ್ಲರ್ ಹೌಸ್, ಮೇಂಟೆನೆನ್ಸ್, ಯುಟಿಲಿಟಿ ಕೆಲಸ ಎಲ್ಲ ಇದರಲ್ಲಿ ಬರುತ್ತದೆ. ಅನುಭವದ ಪತ್ರವನ್ನು ಮೊದಲೇ ಬರೆಸಿಟ್ಟುಕೊಳ್ಳಿ. ಅರ್ಜಿ ಹಾಕುವ ಕೊನೆಯ ವಾರದಲ್ಲಿ ಆಫೀಸಿನ ಮೇಜಿನಿಂದ ಮೇಜಿಗೆ ಅಲೆಯುವ ಕಷ್ಟ ಯಾಕೆ? ಪತ್ರದಲ್ಲಿ ಬರೀ ‘ಇಂಥ ಹುದ್ದೆ’ ಅಂತ ಇದ್ದರೆ ಸಾಲದು. ಉಗಿ, ಕರೆಂಟು, ಇಂಧನಕ್ಕೆ ಸಂಬಂಧಪಟ್ಟ ಏನು ಕೆಲಸ ಮಾಡುತ್ತೀರಿ ಅನ್ನುವುದೂ ಎರಡು ಸಾಲು ಇರಲಿ. ಫೀಸು, ತಾರೀಖು, ಕೇಂದ್ರ ಎಲ್ಲವನ್ನೂ ಆ ವರ್ಷದ ಪ್ರಾಸ್ಪೆಕ್ಟಸ್ ನೋಡಿಯೇ ನಂಬಿ. ವಾಟ್ಸ್ಯಾಪ್‌ನಲ್ಲಿ ಬಂದದ್ದನ್ನು ಬಿಟ್ಟುಬಿಡಿ.

ನಾಲ್ಕು ಪೇಪರ್, ನಾಲ್ಕು ಸ್ವಭಾವ

ಮೊದಲ ಮೂರು ಪೇಪರಿಗೆ ತಲಾ 150 ಅಂಕ, 3 ಗಂಟೆ. ವರ್ಷಗಳಿಂದ ನಡೆದುಬಂದ ಮಾದರಿ ಇದು: ಒಂದು ಅಂಕದ 50 ಆಬ್ಜೆಕ್ಟಿವ್ ಪ್ರಶ್ನೆ, ಐದು ಅಂಕದ 8, ಹತ್ತು ಅಂಕದ 6. ನಾಲ್ಕನೆಯದು 100 ಅಂಕ, 2 ಗಂಟೆ, ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದು. ಪ್ರತಿ ಪೇಪರಿನಲ್ಲೂ ಶೇ 50 ಬರಬೇಕು. ಒಂದರಲ್ಲಿ ತೊಂಬತ್ತು ತೆಗೆದರೆ ಇನ್ನೊಂದರ ನಲವತ್ತಕ್ಕೆ ಅದು ಆಸರೆಯಾಗುವುದಿಲ್ಲ.

ಮೊದಲ ಪೇಪರ್ ಸಾಮಾನ್ಯ ವಿಷಯ. ಕಾಯ್ದೆ, ಪ್ಯಾಟ್ ಯೋಜನೆ (ಕಾರ್ಖಾನೆಗಳಿಗೆ ಇಂಧನ ಉಳಿತಾಯದ ಗುರಿ ಕೊಡುವುದು), ಐಎಸ್‌ಒ 50001 (ಇಂಧನ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ), ಪರಿಸರ, ಜೊತೆಗೆ ಹಣಕಾಸಿನ ಲೆಕ್ಕ. ಎರಡನೆಯದು ಶಾಖದ ಕಡೆಯದು: ಇಂಧನ, ಬಾಯ್ಲರ್, ಉಗಿ, ಫರ್ನೇಸ್, ಇನ್ಸುಲೇಷನ್, ಕೋಜನರೇಷನ್ (ಒಂದೇ ಇಂಧನದಿಂದ ಉಗಿ, ಕರೆಂಟು ಎರಡೂ ತೆಗೆಯುವುದು). ಮೂರನೆಯದು ವಿದ್ಯುತ್ ಕಡೆಯದು: ಮೋಟಾರ್, ಕಂಪ್ರೆಸರ್, ಪಂಪು, ಫ್ಯಾನು, ಕೂಲಿಂಗ್ ಟವರ್, ಲೈಟು. ನಾಲ್ಕನೆಯದು ಇವೆಲ್ಲವನ್ನೂ ಅಳೆದು ಲೆಕ್ಕ ಹಾಕುವುದು.

ಎಲ್ಲರೂ ಮೊದಲ ಪೇಪರನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ‘ಥಿಯರಿ ತಾನೇ, ಹಿಂದಿನ ದಿನ ನೋಡಿದರಾಯ್ತು’ ಅನ್ನುವ ಮಾತು ನಾನು ಕೇಳಿದಷ್ಟು ಇನ್ಯಾವುದನ್ನೂ ಕೇಳಿಲ್ಲ. ನೆಟ್ ಪ್ರೆಸೆಂಟ್ ವ್ಯಾಲ್ಯೂ (ಮುಂದೆ ಬರುವ ಹಣದ ಇಂದಿನ ಬೆಲೆ), ಪರ್ಟ್ ಚಿತ್ರದಲ್ಲಿ (ಯೋಜನೆಯ ಕೆಲಸಗಳ ಜಾಲದಲ್ಲಿ) ಕ್ರಿಟಿಕಲ್ ಪಾತ್ ಹುಡುಕುವುದು, ಕಸಮ್ ಟೇಬಲ್ (ಉಳಿತಾಯವನ್ನು ತಿಂಗಳು ತಿಂಗಳು ಕೂಡುತ್ತಾ ಹೋಗುವ ಪಟ್ಟಿ) ಬರೆಯುವುದು ಎಲ್ಲ ಬರುವುದು ಆ ಪೇಪರಿನಲ್ಲೇ. ಬಾಯ್ಲರ್ ಗೊತ್ತಿದ್ದವರಿಗೆ ಅವು ಪೂರ್ತಿ ಹೊಸವು.

ಪುಸ್ತಕ ಬೇಕಾದಷ್ಟೇ ಇರಲಿ

ಬಿಇಇಯ ನಾಲ್ಕು ಗೈಡ್‌ಬುಕ್‌ಗಳು ಸಾಕು. ಅವು ಆನ್‌ಲೈನ್‌ನಲ್ಲಿ ಸಿಗುತ್ತವೆ. ಹಳೆಯ ಪ್ರಶ್ನೆಪತ್ರಿಕೆಗಳೂ ಉತ್ತರದ ಸಮೇತ ಸಿಗುತ್ತವೆ. ಅವನ್ನು ಪ್ರಿಂಟ್ ಹಾಕಿಸಿ ಸ್ಪೈರಲ್ ಮಾಡಿಸಿಕೊಳ್ಳಿ. ಮೊಬೈಲಿನಲ್ಲಿ ನೋಡಿ ಲೆಕ್ಕ ಮಾಡುವುದು ಆಗದ ಮಾತು. ಬೆರಳಿನಿಂದ ಕೆಳಗೆ ಎಳೆದರೆ ಉತ್ತರ ಕಾಣುತ್ತದೆ, ಉತ್ತರ ಕಂಡರೆ ಲೆಕ್ಕ ಬಂತು ಅನ್ನಿಸುತ್ತದೆ. ಅಲ್ಲಿಗೆ ಆ ದಿನದ ಓದು ಮುಗಿದಂತೆ.

ಕೋಚಿಂಗ್ ಬೇಕಾ ಅಂತ ಕೇಳುತ್ತಾರೆ. ನನ್ನ ಪ್ರಕಾರ ಬೇಡ. ಅದರ ಬದಲು ಒಬ್ಬ ಜೊತೆಗಾರನನ್ನು ಹುಡುಕಿಕೊಳ್ಳಿ. ನೀವು ಮೆಕ್ಯಾನಿಕಲ್ ಆದರೆ ಅವರು ಎಲೆಕ್ಟ್ರಿಕಲ್ ಆಗಿರಲಿ. ಬಾಯ್ಲರ್ ನೀವು ಹೇಳಿಕೊಡಿ, ಪವರ್ ಫ್ಯಾಕ್ಟರ್ ಅವರು ಹೇಳಿಕೊಡಲಿ. ಇನ್ನೊಬ್ಬರಿಗೆ ಹೇಳಿಕೊಡುವಾಗ ಬಾಯಿ ಎಲ್ಲಿ ತಡವರಿಸುತ್ತದೋ ಅಲ್ಲಿ ನಿಮಗೆ ಗೊತ್ತಿಲ್ಲ ಅಂತಲೇ ಅರ್ಥ.

ಮೊದಲ ಹೆಜ್ಜೆ: ಯೂನಿಟ್ಟು

ಸೂತ್ರಕ್ಕೆ ಕೈ ಹಾಕುವ ಮುಂಚೆ ಎರಡು ವಾರ ಬರೀ ಯೂನಿಟ್ ಬದಲಾಯಿಸುವುದನ್ನು ಮಾಡಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ತಪ್ಪುವ ಲೆಕ್ಕಗಳಲ್ಲಿ ಹೆಚ್ಚಿನವು ತಪ್ಪುವುದು ಇಲ್ಲೇ. ಒಂದು ಕಿಲೋವ್ಯಾಟ್ ಅವರ್ ಅಂದರೆ 860 ಕಿಲೋಕ್ಯಾಲೊರಿ. ಒಂದು ಕಿಲೋಕ್ಯಾಲೊರಿ ಅಂದರೆ 4.187 ಕಿಲೋಜೂಲ್. ಒಂದು ಟನ್ ಆಯಿಲ್ ಇಕ್ವಿವಲೆಂಟ್ ಅಂದರೆ 1 ಕೋಟಿ ಕಿಲೋಕ್ಯಾಲೊರಿ. ಒಂದು ಟನ್ ರೆಫ್ರಿಜರೇಷನ್ ಅಂದರೆ ಗಂಟೆಗೆ 3024 ಕಿಲೋಕ್ಯಾಲೊರಿ. ಇವು ನಿದ್ದೆಗಣ್ಣಲ್ಲೂ ಬರಬೇಕು. ಪಂಪಿನ ಲೆಕ್ಕದಲ್ಲಿ ನೀರನ್ನು ಗಂಟೆಗೆ ಇಷ್ಟು ಘನ ಮೀಟರ್ ಅಂತ ಕೊಟ್ಟಿರುತ್ತಾರೆ, ಸೂತ್ರ ಕೇಳುವುದು ಸೆಕೆಂಡಿಗೆ. 3600ರಿಂದ ಭಾಗಿಸುವುದು ಮರೆತರೆ ಪುಟ್ಟ ಪಂಪಿಗೆ ಶಿವನಸಮುದ್ರದಷ್ಟು ಕರೆಂಟು ಬೇಕು ಅಂತ ಉತ್ತರ ಬರುತ್ತದೆ. ಉತ್ತರ ಬಂದ ಮೇಲೆ ‘ಇದು ಆಗೋ ಮಾತಾ?’ ಅಂತ ಒಂದು ಕ್ಷಣ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕೆಲಸದ ಅನುಭವ ಇರುವವರಿಗೆ ಕಾಲೇಜು ಹುಡುಗರಿಗಿಂತ ಇರುವ ದೊಡ್ಡ ಅನುಕೂಲ ಇದೇ. ಪಂಪು ಎಷ್ಟು ಎಳೆಯುತ್ತದೆ ಅಂತ ನಿಮಗೆ ಮೊದಲೇ ಗೊತ್ತು.

ಇದರ ಜೊತೆಗೆ ತೇವದ ಲೆಕ್ಕವನ್ನೂ ಮಾಡಿ. 1000 ಕೆಜಿ ಕಬ್ಬಿನ ರಚ್ಚಿದೆ (ಹಾಲು ಹಿಂಡಿದ ಮೇಲೆ ಉಳಿಯುವ ಸಿಪ್ಪೆ), ತೇವ ಶೇ 50. ಒಣಗಿಸಿ ತೇವವನ್ನು ಶೇ 40ಕ್ಕೆ ಇಳಿಸಿದರೆ ಎಷ್ಟು ನೀರು ಹೋಯಿತು? ಹತ್ತರಲ್ಲಿ ಎಂಟು ಜನ ಥಟ್ಟನೆ 100 ಕೆಜಿ ಅನ್ನುತ್ತಾರೆ. ಅಲ್ಲ. ಒಣ ಪದಾರ್ಥ 500 ಕೆಜಿ ಇತ್ತು, ಒಣಗಿದ ಮೇಲೂ ಅದು 500 ಕೆಜಿಯೇ. ಈಗ ಅದು ಒಟ್ಟು ತೂಕದ ಶೇ 60. ಅಂದರೆ ಒಟ್ಟು ತೂಕ 500 ÷ 0.6 = 833 ಕೆಜಿ. ಹೋದ ನೀರು 167 ಕೆಜಿ. ಬದಲಾಗದೆ ಉಳಿಯುವುದು ಯಾವುದು ಅಂತ ಮೊದಲು ಹಿಡಿಯಬೇಕು. ಡ್ರೈಯರ್, ಇವಾಪರೇಟರ್, ಕಬ್ಬಿನ ಹಾಲು ಗಟ್ಟಿ ಮಾಡುವುದು, ಎಲ್ಲ ಲೆಕ್ಕಕ್ಕೂ ಇದೇ ದಾರಿ.

ಎರಡನೇ ಹೆಜ್ಜೆ: ಬಾಯ್ಲರ್ ಲೆಕ್ಕ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಎರಡನೇ ಪೇಪರಿನಲ್ಲೂ ನಾಲ್ಕನೆಯದರಲ್ಲೂ ಅಂಕ ತುಂಬಿಕೊಡುವುದು ಇದೇ.

ಎಫಿಶಿಯೆನ್ಸಿ ಕಂಡುಹಿಡಿಯಲು ಎರಡು ದಾರಿ. ನೇರ ವಿಧಾನ ಸುಲಭ. ಉಗಿಗೆ ಹೋದ ಶಾಖವನ್ನು ಇಂಧನದ ಶಾಖದಿಂದ ಭಾಗಿಸಿ. ಒಂದು ಉದಾಹರಣೆ: ಗಂಟೆಗೆ 20 ಟನ್ ಉಗಿ, ಅದಕ್ಕೆ 9 ಟನ್ ರಚ್ಚು. ಉಗಿಯ ಎಂಥಾಲ್ಪಿ (ಅದರಲ್ಲಿರುವ ಶಾಖ) ಕೆಜಿಗೆ 780 ಕಿಲೋಕ್ಯಾಲೊರಿ, ಫೀಡ್ ವಾಟರಿನದು 105. ರಚ್ಚಿನ ಜಿಸಿವಿ, ಅಂದರೆ ಒಂದು ಕೆಜಿ ಉರಿದರೆ ಬರುವ ಶಾಖ, 2250. ಮೇಲೆ 20 × 675 = 13,500. ಕೆಳಗೆ 9 × 2250 = 20,250. ಭಾಗಿಸಿದರೆ ಶೇ 66.7.

ಇದನ್ನು ನೋಡಿ ‘ಇಷ್ಟು ಕಮ್ಮಿನಾ? ಕಲ್ಲಿದ್ದಲು ಬಾಯ್ಲರ್ ಶೇ 80 ದಾಟುತ್ತಲ್ಲ’ ಅಂತ ಕೇಳಿದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಉಳಿದ ಮೂರನೇ ಒಂದು ಪಾಲು ಎಲ್ಲಿ ಹೋಯಿತು? ನೇರ ವಿಧಾನ ಅದನ್ನು ಹೇಳುವುದಿಲ್ಲ. ಅದಕ್ಕೇ ಎರಡನೆಯ ದಾರಿ, ಒಂದೊಂದೇ ನಷ್ಟವನ್ನು ಲೆಕ್ಕ ಹಾಕಿ ನೂರರಿಂದ ಕಳೆಯುವುದು. ಒಣ ಹೊಗೆಯಲ್ಲಿ ಹೋಗುವ ಶಾಖ, ಇಂಧನದ ಹೈಡ್ರೋಜನ್ ಉರಿದು ಆದ ನೀರಿನಲ್ಲಿ ಹೋಗುವುದು, ಇಂಧನದ ತೇವದಲ್ಲಿ, ಗಾಳಿಯ ತೇವದಲ್ಲಿ, ಅರೆಬರೆ ಉರಿದ ಕಾರ್ಬನ್ ಮಾನಾಕ್ಸೈಡ್‌ನಲ್ಲಿ, ಬೂದಿಯಲ್ಲಿ ಉಳಿದ ಇದ್ದಿಲಿನಲ್ಲಿ, ಬಾಯ್ಲರಿನ ಮೈಯಿಂದ.

ತೇವದ ನಷ್ಟ ಹೀಗೆ. ಒಂದು ಕೆಜಿ ರಚ್ಚಿನಲ್ಲಿ ಅರ್ಧ ಕೆಜಿ ನೀರು. ಹೊಗೆಯ ಬಿಸಿ 160 ಡಿಗ್ರಿ, ಹೊರಗಿನ ಗಾಳಿ 30. ಆ ನೀರು ಆವಿಯಾಗಬೇಕು, ಆಮೇಲೆ ಹೊಗೆಯಷ್ಟೇ ಬಿಸಿಯಾಗಬೇಕು. ಆವಿಯಾಗಲು ಕೆಜಿಗೆ 584, ಬಿಸಿಯಾಗಲು ಡಿಗ್ರಿಗೆ 0.45. ಒಟ್ಟು 584 + 0.45 × 130 = 642.5 ಕಿಲೋಕ್ಯಾಲೊರಿ. ಅದರ ಅರ್ಧ 321. ಅದನ್ನು 2250ರಿಂದ ಭಾಗಿಸಿದರೆ ಶೇ 14.3. ಇದೊಂದೇ ಬಾಬತ್ತಿನಲ್ಲಿ!

ಹೈಡ್ರೋಜನ್ ನಷ್ಟದಲ್ಲಿ ಒಂದು ಬಲೆ ಇದೆ. ಪ್ರಶ್ನೆಯಲ್ಲಿ ‘ಒಣ ಆಧಾರದಲ್ಲಿ ಹೈಡ್ರೋಜನ್ ಶೇ 6.5’ ಅಂತ ಕೊಟ್ಟಿರುತ್ತಾರೆ. ಒಲೆಗೆ ಬೀಳುವುದು ಒಣ ರಚ್ಚಲ್ಲ, ಹಸಿ ರಚ್ಚು. ಅರ್ಧ ನೀರು ಇದ್ದ ಮೇಲೆ ಹೈಡ್ರೋಜನ್ ಶೇ 3.25. ಒಂದು ಕೆಜಿ ಹೈಡ್ರೋಜನ್ ಉರಿದರೆ 9 ಕೆಜಿ ನೀರು. ಆಗ 9 × 0.0325 × 642.5 = 188. 2250ರಿಂದ ಭಾಗಿಸಿದರೆ ಶೇ 8.4. 6.5 ಅಂತಲೇ ಹಾಕಿದವರಿಗೆ ಇದರ ಎರಡರಷ್ಟು ಬಂದು, ಮುಂದಿನದೆಲ್ಲ ಹಳಿ ತಪ್ಪುತ್ತದೆ. ಬಾಯ್ಲರ್ ಪ್ರಶ್ನೆ ಕಂಡ ತಕ್ಷಣ ‘ಯಾವ ಆಧಾರ?’ ಅಂತ ಅಂಚಿನಲ್ಲಿ ಬರೆದುಕೊಳ್ಳಿ.

ನೀರಿನ ಈ ಎರಡು ಬಾಬತ್ತು ಸೇರಿದರೇ ಶೇ 22ಕ್ಕೂ ಜಾಸ್ತಿ. ರಚ್ಚಿನ ಬಾಯ್ಲರ್ ಶೇ 80 ಯಾಕೆ ದಾಟುವುದಿಲ್ಲ ಅಂತ ಇಲ್ಲೇ ಗೊತ್ತಾಗುತ್ತದೆ. ಪಾಂಡವಪುರದ ಕಡೆ ಆಲೆಮನೆಯೊಂದರಲ್ಲಿ ಒಲೆ ಉರಿಸುವವರನ್ನು ನಾನು ಕೇಳಿದ್ದೆ, ರಚ್ಚನ್ನು ಬಿಸಿಲಿಗೆ ಯಾಕೆ ಅಷ್ಟು ಹರಡುತ್ತೀರಿ ಅಂತ. ‘ಹಸೀದು ಹಾಕುದ್ರೆ ಒಲೆ ಸತ್ತೋಯ್ತದೆ ಕಣಣ್ಣ. ಕೊಪ್ಪರಿಗೇಲಿ ಹಾಲು ಕುದಿಯೋದು ಬಿಟ್ಟು ರಚ್ಚೇ ಕುದೀತದೆ’ ಅಂದರು. ಗೈಡ್‌ಬುಕ್ಕಿನ ಅಧ್ಯಾಯ ಪೂರ್ತಿ ಆ ಮಾತಿನಲ್ಲಿತ್ತು. ನಿಮ್ಮ ಊರಿನ ಆಲೆಮನೆಗೆ ಒಮ್ಮೆ ಹೋಗಿ ಬನ್ನಿ. ಒಲೆಯ ಬಾಯಿ, ಗಾಳಿ ಬರುವ ಕಂಡಿ, ಹೊಗೆಗೂಡಿನ ಬಣ್ಣ ನೋಡಿ. ಬಿಸಿ ಬೆಲ್ಲವೂ ಸಿಗುತ್ತದೆ, ನಷ್ಟವೇನಿಲ್ಲ.

ಗಾಳಿಯ ವಿಷಯಕ್ಕೂ ಲೆಕ್ಕವಿದೆ. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅಳೆದರೆ, ಆ ಅಂಕಿಯನ್ನು 21ರಿಂದ ಕಳೆದು, ಬಂದದ್ದರಿಂದ ಅದೇ ಅಂಕಿಯನ್ನು ಭಾಗಿಸಿ. ಆಮ್ಲಜನಕ ಶೇ 7 ಇದ್ದರೆ 7 ÷ 14, ಹೆಚ್ಚುವರಿ ಗಾಳಿ ಶೇ 50. ಶೇ 9 ಆದರೆ 9 ÷ 12, ಅಂದರೆ ಶೇ 75. ಮೀಟರಿನಲ್ಲಿ ಎರಡು ಅಂಕಿ ಮೇಲೆ ಹೋದರೆ ಒಲೆಗೆ ನುಗ್ಗುವ ವ್ಯರ್ಥ ಗಾಳಿ ಅರ್ಧದಿಂದ ಮುಕ್ಕಾಲಾಯಿತು. ನಿಮ್ಮ ಕಂಟ್ರೋಲ್ ರೂಮಿನಲ್ಲಿ ಆಮ್ಲಜನಕದ ರೀಡಿಂಗ್ ಇರುತ್ತದೆ, ಅಲ್ವಾ? ಶಿಫ್ಟಿಗೊಮ್ಮೆ ಅದನ್ನು ಬರೆದುಕೊಂಡು ಹೆಚ್ಚುವರಿ ಗಾಳಿ ಲೆಕ್ಕ ಹಾಕಿ. ಒಂದು ತಿಂಗಳಲ್ಲಿ ಸೂತ್ರ ನೆನಪಿಡುವ ಗೋಜೇ ಇರುವುದಿಲ್ಲ.

ಮೂರನೇ ಹೆಜ್ಜೆ: ಕರೆಂಟಿನ ಕಡೆ

ಮೆಕ್ಯಾನಿಕಲ್‌ನವರು ಹೆದರುವುದು ಇಲ್ಲಿ. ಹೆದರಿಕೆ ಬಿಡಿಸಲು ಸುಲಭದ ದಾರಿ, ನಿಮ್ಮ ಕಾರ್ಖಾನೆಗೆ ಬರುವ ಚೆಸ್ಕಾಂನ ಎಚ್‌ಟಿ (ಹೈ ಟೆನ್ಷನ್) ಬಿಲ್ಲು. ಎಲೆಕ್ಟ್ರಿಕಲ್ ವಿಭಾಗದವರನ್ನು ಕೇಳಿ ಒಂದು ಪ್ರತಿ ಇಸ್ಕೊಳ್ಳಿ. ಅದರಲ್ಲಿ ಕೆವಿಎ ಡಿಮ್ಯಾಂಡ್, ಬಳಸಿದ ಯೂನಿಟ್, ಪವರ್ ಫ್ಯಾಕ್ಟರ್ (ಎಳೆದ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಕಿಲೋವ್ಯಾಟ್ ಪಾಲು) ಮೂರೂ ಇರುತ್ತವೆ.

ಲೋಡ್ 400 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.85 ಅಂತ ಇಟ್ಟುಕೊಳ್ಳಿ. ಆಗ ಡಿಮ್ಯಾಂಡ್ 400 ÷ 0.85 = 471 ಕೆವಿಎ. ಪವರ್ ಫ್ಯಾಕ್ಟರ್ 0.95ಕ್ಕೆ ಏರಿಸಿದರೆ 421. ಸುಮಾರು 50 ಕೆವಿಎ ಇಳಿಯಿತು. ಅದಕ್ಕೆ ಎಷ್ಟು ಕೆಪ್ಯಾಸಿಟರ್ ಬೇಕು? ಎರಡೂ ಪವರ್ ಫ್ಯಾಕ್ಟರ್‌ಗಳ ಕೋನಗಳ ಟ್ಯಾನ್ ತೆಗೆಯಿರಿ: 0.620 ಮತ್ತು 0.329. ವ್ಯತ್ಯಾಸ 0.291. ಅದನ್ನು 400ರಿಂದ ಗುಣಿಸಿದರೆ 116 ಕೆವಿಎಆರ್ (ಕೆಪ್ಯಾಸಿಟರ್ ಗಾತ್ರದ ಯೂನಿಟ್). ತುಂಬ ಜನ ಇಲ್ಲಿ 50 ಕೆವಿಎಆರ್ ಅಂತ ಬರೆದು ಬರುತ್ತಾರೆ. ಡಿಮ್ಯಾಂಡ್ ಇಳಿದದ್ದು ಬೇರೆ, ಕೆಪ್ಯಾಸಿಟರ್ ಗಾತ್ರ ಬೇರೆ. ಒಂದು ತ್ರಿಕೋನ ಬರೆದುಕೊಂಡರೆ ಗೊಂದಲವೇ ಇಲ್ಲ.

ಫ್ಯಾನಿನ ಕರೆಂಟು ವೇಗದ ಘನದಂತೆ ಬದಲಾಗುತ್ತದೆ ಅನ್ನುವ ನಿಯಮ ಎಲ್ಲರಿಗೂ ಬಾಯಿಪಾಠ. ವೇಗ ಶೇ 20 ಇಳಿಸಿದರೆ ಕರೆಂಟು 0.8 × 0.8 × 0.8 = 0.512, ಅಂದರೆ ಹತ್ತಿರ ಹತ್ತಿರ ಅರ್ಧ. 30 ಕಿಲೋವ್ಯಾಟ್ ಎಳೆಯುತ್ತಿದ್ದ ಐಡಿ ಫ್ಯಾನ್ (ಬಾಯ್ಲರಿನ ಹೊಗೆ ಹೊರಗೆಳೆಯುವುದು) 15ಕ್ಕೆ ಇಳಿಯುತ್ತದೆ. ಆದರೆ ಪಂಪಿಗೆ ಇದನ್ನೇ ಕಣ್ಣು ಮುಚ್ಚಿ ಹಾಕಬೇಡಿ. ನೀರನ್ನು ಎತ್ತರದ ಟ್ಯಾಂಕಿಗೆ ಏರಿಸುವ ಪಂಪಿನಲ್ಲಿ ಆ ಎತ್ತರ ವೇಗದ ಜೊತೆ ಕಮ್ಮಿಯಾಗುವುದಿಲ್ಲ. ವೇಗ ತುಂಬ ಇಳಿಸಿದರೆ ನೀರು ಮೇಲೆ ಹತ್ತುವುದೇ ಇಲ್ಲ. ಆಬ್ಜೆಕ್ಟಿವ್‌ನಲ್ಲಿ ಇದನ್ನು ತಿರುಗಿಸಿ ಮುರುಗಿಸಿ ಕೇಳುತ್ತಾರೆ.

ಕಂಪ್ರೆಸರ್ ಲೀಕೇಜ್ ಟೆಸ್ಟನ್ನು ಪುಸ್ತಕದಲ್ಲಿ ಓದಬೇಡಿ, ಮಾಡಿಯೇ ನೋಡಿ. ವಾರದ ರಜೆ ದಿನ, ಗಾಳಿ ಬಳಸುವ ಯಂತ್ರಗಳೆಲ್ಲ ನಿಂತಿರುವಾಗ, ಇನ್‌ಚಾರ್ಜ್ ಅವರಿಗೆ ಹೇಳಿ ಒಂದು ಕಂಪ್ರೆಸರ್ ಚಾಲೂ ಮಾಡಿಸಿ. ಎಷ್ಟು ಹೊತ್ತು ಲೋಡ್ ಆಗುತ್ತದೆ, ಎಷ್ಟು ಹೊತ್ತು ಅನ್‌ಲೋಡ್ ಆಗುತ್ತದೆ ಅಂತ ಮೊಬೈಲ್ ಗಡಿಯಾರದಲ್ಲಿ ಬರೆದುಕೊಳ್ಳಿ. ಲೋಡ್ 2 ನಿಮಿಷ, ಅನ್‌ಲೋಡ್ 10 ನಿಮಿಷ ಬಂದರೆ 2 ÷ 12, ಅಂದರೆ ಕಂಪ್ರೆಸರ್ ಶಕ್ತಿಯ ಶೇ 16.7 ಸುಮ್ನೆ ಸೋರುತ್ತಿದೆ. ಆಮೇಲೆ ಲೈನ್ ಉದ್ದಕ್ಕೂ ನಡೆಯಿರಿ. ಯಂತ್ರಗಳ ಸದ್ದಿಲ್ಲದ ಕಾರಣ ‘ಸುಯ್’ ಅನ್ನುವ ಪ್ರತಿ ಜಾಯಿಂಟೂ ಕೇಳಿಸುತ್ತದೆ. ಪರೀಕ್ಷೆಗೂ ಆಯಿತು, ಸಾಹೇಬರ ಮುಂದೆ ಒಂದು ಒಳ್ಳೆಯ ರಿಪೋರ್ಟೂ ಆಯಿತು.

ಯಾವಾಗ ಓದುವುದು

ಐದಾರು ತಿಂಗಳು, ದಿನಕ್ಕೆ ಒಂದೂವರೆ ಗಂಟೆ ಸಾಕು. ನೋಟಿಫಿಕೇಷನ್ ಬರಲಿ ಅಂತ ಕಾಯಬೇಡಿ. ಸಕ್ಕರೆ ಕಾರ್ಖಾನೆಯವರಿಗೆ ನನ್ನ ಮಾತು ಇಷ್ಟೇ: ಕಷ್ಟದ ಅಧ್ಯಾಯಗಳನ್ನು ಆಫ್ ಸೀಸನ್‌ನಲ್ಲಿ ಮುಗಿಸಿ. ಕಬ್ಬು ಅರೆಯುವುದು ಶುರುವಾದರೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟೇ ಶಕ್ತಿ ಉಳಿಯುತ್ತದೆ. ಓವರಾಲಿಂಗ್ ಹೊತ್ತಿನಲ್ಲಿ ಇನ್ನೊಂದು ಲಾಭ ಇದೆ. ಬಾಯ್ಲರ್ ಬಿಚ್ಚಿರುತ್ತದೆ. ಎಕನಾಮೈಸರ್ ಟ್ಯೂಬು, ಏರ್ ಪ್ರೀಹೀಟರ್, ಸೂಪರ್‌ಹೀಟರ್ ಕಾಯಿಲ್ ಎಲ್ಲವನ್ನೂ ಕಣ್ಣಾರೆ ನೋಡಬಹುದು. ಪುಸ್ತಕದ ಚಿತ್ರ ಆಮೇಲೆ ತಾನಾಗೇ ಅರ್ಥವಾಗುತ್ತದೆ.

ನೈಟ್ ಶಿಫ್ಟ್ ಮುಗಿಸಿ ಬಂದು ನೇರ ಪುಸ್ತಕ ಹಿಡಿಯಬೇಡಿ. ಮಲಗಿ ಎದ್ದು ಸಂಜೆ ಕೂತುಕೊಳ್ಳಿ. ಜನರಲ್ ಶಿಫ್ಟಿನವರಿಗೆ ಬೆಳಿಗ್ಗೆ ಒಳ್ಳೆಯದು. ಮಂಡ್ಯ–ಮೈಸೂರು ನಡುವೆ ರೈಲಿನಲ್ಲಿ ಓಡಾಡುವವರು ಆ ಮುಕ್ಕಾಲು ಗಂಟೆಯನ್ನು ಆಬ್ಜೆಕ್ಟಿವ್‌ಗೆ ಇಟ್ಟುಕೊಳ್ಳಿ. ದೊಡ್ಡ ಲೆಕ್ಕ ರೈಲಿನಲ್ಲಿ ಆಗುವುದಿಲ್ಲ, ಅದಕ್ಕೆ ಮೇಜು ಬೇಕು, ಪೂರ್ತಿ ಹಾಳೆ ಬೇಕು.

ವಾರಕ್ಕೆ ಒಂದು ಹಳೆ ಪೇಪರ್ ಗಡಿಯಾರ ಇಟ್ಟುಕೊಂಡು ಬರೆಯಿರಿ. ಉತ್ತರ ನೋಡುವುದು ಬರೆದು ಮುಗಿಸಿದ ಮೇಲೆ. ತಪ್ಪಿದ ಲೆಕ್ಕವನ್ನು ಮೂರು ದಿನ ಬಿಟ್ಟು ಮತ್ತೆ ಖಾಲಿ ಹಾಳೆಯಲ್ಲಿ ಮಾಡಿ. ಅದೇ ದಿನ ಮಾಡಿದರೆ ಅದು ನೆನಪಿನಿಂದ ಬರೆದದ್ದು, ಲೆಕ್ಕ ಬಂದದ್ದಲ್ಲ.

ಇಂಗ್ಲಿಷಿನ ಗೋಳು

ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾ ಮಾಡಿದವರಿಗೆ ಹತ್ತು ಅಂಕದ ಪ್ರಶ್ನೆ ನೋಡಿದರೇ ಕಣ್ಣು ಕತ್ತಲೆ ಬರುತ್ತದೆ. ಅರ್ಧ ಪುಟ ಇಂಗ್ಲಿಷ್. ಇದಕ್ಕೊಂದು ಉಪಾಯ ಇದೆ. ಪ್ರಶ್ನೆಯ ಕೊನೆಯ ಸಾಲು ಮೊದಲು ಓದಿ, ಕೇಳುತ್ತಿರುವುದು ಏನು ಅಂತ ಅಡಿಗೆರೆ ಹಾಕಿ. ಆಮೇಲೆ ಮೇಲಿನಿಂದ ಬಂದು ಪ್ರತಿ ಅಂಕಿಯನ್ನೂ ಯೂನಿಟ್ ಸಮೇತ ಒಂದರ ಕೆಳಗೊಂದು ಬರೆದುಕೊಳ್ಳಿ. ಆ ಪಟ್ಟಿ ಮುಗಿಯುವ ಹೊತ್ತಿಗೆ ಪ್ರಶ್ನೆ ಭಾಷೆಯಿಂದ ಲೆಕ್ಕಕ್ಕೆ ಇಳಿದಿರುತ್ತದೆ. ಬೇಡದ ಅಂಕಿಯೂ ಒಂದೆರಡು ಸೇರಿಸಿರುತ್ತಾರೆ. ಎಲ್ಲವನ್ನೂ ಬಳಸಲೇಬೇಕು ಅಂತೇನಿಲ್ಲ.

ಐದು ಅಂಕದ ಥಿಯರಿಗೆ ಉದ್ದ ಬರೆಯುವ ಅಗತ್ಯ ಇಲ್ಲ. ಐದು ಪಾಯಿಂಟು, ಚಿಕ್ಕ ಚಿಕ್ಕ ವಾಕ್ಯ. ವ್ಯಾಕರಣಕ್ಕೆ ಅಂಕ ಇಲ್ಲ.

ನಾಲ್ಕನೇ ಪೇಪರ್: ಪುಸ್ತಕ ತೆರೆದಿದ್ದರೂ

ಓಪನ್ ಬುಕ್ ಅಂದ ಕೂಡಲೇ ಜನ ಓದುವುದನ್ನು ಬಿಡುತ್ತಾರೆ. 2 ಗಂಟೆಯಲ್ಲಿ 20 ಅಂಕದ ನಾಲ್ಕು ದೊಡ್ಡ ಲೆಕ್ಕ, ಜೊತೆಗೆ ಚಿಕ್ಕ ಪ್ರಶ್ನೆಗಳು. ಒಂದು ದೊಡ್ಡ ಲೆಕ್ಕಕ್ಕೆ ಸಿಗುವುದು ಇಪ್ಪತ್ತನಾಲ್ಕು, ಇಪ್ಪತ್ತೈದು ನಿಮಿಷ. ಅದರಲ್ಲಿ ಐದು ನಿಮಿಷ ಪುಟ ಹುಡುಕಲು ಹೋದರೆ ಕಥೆ ಮುಗಿಯಿತು.

ಪುಸ್ತಕದ ಅಂಚಿಗೆ ಬಣ್ಣದ ಚೀಟಿ ಅಂಟಿಸಿ: ಬಾಯ್ಲರ್, ಫರ್ನೇಸ್, ಕೋಜನರೇಷನ್, ಹೀಟ್ ಎಕ್ಸ್‌ಚೇಂಜರ್, ಮೋಟಾರ್, ಪಂಪ್, ಎಸಿ, ಹಣಕಾಸು. ಚೀಟಿ ಹದಿನೈದು ದಾಟಬಾರದು. ದಾಟಿದರೆ ಚೀಟಿಯನ್ನೇ ಹುಡುಕಬೇಕಾಗುತ್ತದೆ. ಅಭ್ಯಾಸದ ಪೇಪರನ್ನೂ ಅದೇ ಪುಸ್ತಕ, ಅದೇ ಚೀಟಿ ಇಟ್ಟುಕೊಂಡು ಬರೆಯಿರಿ. ಕೈಗೆ ಜಾಗ ಗೊತ್ತಾಗಬೇಕು. ಕೊನೆಯ ದೊಡ್ಡ ಪ್ರಶ್ನೆಯಲ್ಲಿ ಸಿಮೆಂಟು, ಉಕ್ಕು, ಜವಳಿ, ವಿದ್ಯುತ್ ಸ್ಥಾವರ ಈ ಥರ ಉದ್ಯಮಗಳ ಆಯ್ಕೆ ಕೊಡುತ್ತಾರೆ. ಒಂದನ್ನು ಮಾತ್ರ ಹಿಡಿದು ಗಟ್ಟಿ ಮಾಡಿಕೊಳ್ಳಿ. ಕೋಜನ್ ಗೊತ್ತಿರುವ ನಮ್ಮ ಕಡೆಯವರಿಗೆ ವಿದ್ಯುತ್ ಸ್ಥಾವರ ಹತ್ತಿರ. ಹೀಟ್ ರೇಟ್, ಟರ್ಬೈನ್, ಕಂಡೆನ್ಸರ್ ಹೊಸದೇನಲ್ಲ.

ಹೆಜ್ಜೆ ಹೆಜ್ಜೆಗೂ ಅಂಕ ಇರುತ್ತದೆ. ಸೂತ್ರ ಬರೆಯಿರಿ, ಅಂಕಿ ಹಾಕಿ ತೋರಿಸಿ, ಯೂನಿಟ್ ಬರೆಯಿರಿ. ಕ್ಯಾಲ್ಕ್ಯುಲೇಟರಿನಿಂದ ನೇರ ಕೊನೆಯ ಉತ್ತರ ಇಳಿಸಿದರೆ, ಅದು ತಪ್ಪಿದ್ದಾಗ ಸೊನ್ನೆಯೇ ಗತಿ.

ಪರೀಕ್ಷೆಯ ಎರಡು ದಿನ

ದಿನಕ್ಕೆ ಎರಡರಂತೆ ಎರಡು ದಿನ ಪೇಪರ್ ಇರುತ್ತದೆ. ಬೆಂಗಳೂರು ಕೇಂದ್ರ ಬಂದರೆ ಹಿಂದಿನ ಸಂಜೆಯೇ ಹೋಗಿಬಿಡಿ. ಬೆಳಗಿನ ರೈಲು, ಬಸ್ಸು ನಂಬಿಕೊಂಡು ಹೊರಡುವುದು ಬೇಡ. ಕೆಂಗೇರಿ ದಾಟುವುದರೊಳಗೇ ಬೆವರಿಳಿಯುತ್ತದೆ. ನೆಂಟರ ಮನೆಗಿಂತ ಕೇಂದ್ರದ ಹತ್ತಿರದ ಲಾಡ್ಜ್ ವಾಸಿ. ನೆಂಟರ ಮನೆಯಲ್ಲಿ ಹನ್ನೊಂದು ಗಂಟೆ ತನಕ ಮಾತು ಬಿಡುವುದಿಲ್ಲ.

ಪ್ರೋಗ್ರಾಂ ಮಾಡುವ ಕ್ಯಾಲ್ಕ್ಯುಲೇಟರ್ ಒಳಗೆ ಬಿಡುವುದಿಲ್ಲ. ಮಾಮೂಲಿ ಸೈಂಟಿಫಿಕ್ ಇರಲಿ, ಅದೂ ನೀವು ತಿಂಗಳುಗಟ್ಟಲೆ ಒತ್ತಿ ಪಳಗಿದ್ದು. ಹೊಸದು ಕೊಂಡು ಹೋದರೆ ಟ್ಯಾನ್ ಇನ್ವರ್ಸ್ ಎಲ್ಲಿದೆ ಅಂತ ಹುಡುಕುತ್ತಾ ಕೂರುತ್ತೀರಿ. ಡಿಗ್ರಿ ಮೋಡ್‌ನಲ್ಲಿದೆಯಾ ಅಂತ ಕೂತ ತಕ್ಷಣ ನೋಡಿಕೊಳ್ಳಿ.

150 ಅಂಕದ ಪೇಪರಿಗೆ 180 ನಿಮಿಷ. ಆಬ್ಜೆಕ್ಟಿವ್ 40 ನಿಮಿಷದಲ್ಲಿ ಮುಗಿಯಬೇಕು. ಐದು ಅಂಕದವಕ್ಕೆ 50, ಹತ್ತು ಅಂಕದವಕ್ಕೆ 80. ಉಳಿದ 10 ನಿಮಿಷ ಯೂನಿಟ್ ನೋಡಲು, ಬಿಟ್ಟುಹೋದದ್ದನ್ನು ತುಂಬಲು. ಒಂದು ಲೆಕ್ಕ ಸಿಕ್ಕಿಹಾಕಿಕೊಂಡರೆ ಅದರ ಜೊತೆ ಗುದ್ದಾಡಬೇಡಿ. ಜಾಗ ಬಿಟ್ಟು ಮುಂದೆ ಹೋಗಿ. ಮಧ್ಯಾಹ್ನದ ಬಿಡುವಿನಲ್ಲಿ ಬೆಳಗಿನ ಪೇಪರಿನ ಉತ್ತರ ತಾಳೆ ನೋಡುವ ಗುಂಪಿನಿಂದ ದೂರ ಇರಿ. ಹೊಟ್ಟೆ ತುಂಬ ಅನ್ನ ಬೇಡ, ಎರಡು ಇಡ್ಲಿ ಸಾಕು. ಮೂರು ಗಂಟೆಗೆ ಬಾಯ್ಲರ್ ಲೆಕ್ಕದ ಮೇಲೆ ತೂಕಡಿಸಿದವರನ್ನು ನಾನು ಕಂಡಿದ್ದೇನೆ.

ರಿಸಲ್ಟ್ ಬಂದ ಮೇಲೆ

ಒಂದು ಪೇಪರ್ ಹೋದರೆ ಅದನ್ನಷ್ಟೇ ಮತ್ತೆ ಬರೆಯಬಹುದು. ಪಾಸಾದವು ಉಳಿಯುತ್ತವೆ. ಎಷ್ಟು ಕಾಲ ಅನ್ನುವುದು ಪ್ರಾಸ್ಪೆಕ್ಟಸ್‌ನಲ್ಲಿರುತ್ತದೆ, ಅದನ್ನು ನೋಡಿ ಮುಂದಿನ ಸಲದ ಅರ್ಜಿ ತಪ್ಪಿಸಬೇಡಿ. ನಾಲ್ಕೂ ಆದರೆ ನೀವು ಸರ್ಟಿಫೈಡ್ ಎನರ್ಜಿ ಆಡಿಟರ್. ಅಕ್ರೆಡಿಟೆಡ್ ಎನರ್ಜಿ ಆಡಿಟರ್ ಅನ್ನುವುದು ಅದರ ಮುಂದಿನ ಮೆಟ್ಟಿಲು. ಅದಕ್ಕೆ ಆಡಿಟ್ ಮಾಡಿದ ಅನುಭವ ಬೇಕು, ಸಂದರ್ಶನವೂ ಇದೆ. ಹಾಗಾಗಿ ಸರ್ಟಿಫಿಕೇಟ್ ಕೈಗೆ ಬಂದ ತಿಂಗಳಿಂದಲೇ ಮಾಡಿದ ಪ್ರತಿ ಅಳತೆಯ ದಾಖಲೆ ಇಟ್ಟುಕೊಳ್ಳಿ: ಯಾವ ಯಂತ್ರ, ಯಾವ ಮೀಟರ್, ಎಷ್ಟು ರೀಡಿಂಗ್, ಎಷ್ಟು ಉಳಿತಾಯ, ಯಾರ ಸಹಿ.